ವಿಂಡೋಸ್ 10 ಇರುವ ಹಳೇ ಕಂಪ್ಯೂಟರ್ ಬಿಡಬೇಕಾ, ಇಟ್ಟುಕೊಳ್ಳಬಹುದಾ?

ಬೆಟಗೇರಿ ಅಕ್ಷರ:

ಎಲ್ಲರಿಗೂ ನಮಸ್ಕಾರ. ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಡಿಟಿಪಿ, ಅಂದ್ರೆ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇಷ್ಟೇ ನನ್ನ ಕೆಲಸ. ಕಂಪೋಸ್ ಮಾಡಿ ಗದಗಿನ ಪ್ರೆಸ್ಸಿಗೆ ಕೊಡುತ್ತೇನೆ. ಕಂಪ್ಯೂಟರ್ 2017ರಲ್ಲಿ ತಗೊಂಡಿದ್ದು. ಆರನೇ ಜನರೇಶನ್ ಐ5, 8 ಜಿಬಿ ರ್‍ಯಾಮ್, ವಿಂಡೋಸ್ 10. ಇವತ್ತಿಗೂ ಒಂದು ದಿನ ಕೈ ಕೊಟ್ಟಿಲ್ಲ.

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಲ್ಲಿಸಿತಲ್ಲ, ಆಗಿನಿಂದ ನನಗೆ ಚಿಂತೆ. ವಿಂಡೋಸ್ 11 ಹಾಕೋಣ ಅಂದ್ರೆ ಈ ಪ್ರೊಸೆಸರ್ ನಡೆಯಲ್ಲ ಅಂತ ತೋರಿಸುತ್ತೆ. ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದೆ. ಅವರು ಮುಚ್ಚಳ ಕೂಡ ತೆಗೆಯಲಿಲ್ಲ. "ಇದು ಇನ್ನು ಗುಜರಿ ರೀ, ಹೊಸದು 42 ಸಾವಿರ" ಅಂದ್ರು. ಇನ್ನೊಬ್ಬರು 800 ರೂಪಾಯಿ ಕೊಡಿ, ಹೆಂಗಾದ್ರೂ ಮಾಡಿ 11 ಹಾಕಿಕೊಡ್ತೀನಿ ಅಂದ್ರು. "ಹೆಂಗಾದ್ರೂ" ಅನ್ನೋ ಮಾತಿಗೇ ಹೆದರಿ ವಾಪಸ್ ಬಂದೆ.

ನನಗೆ ಕಂಪ್ಯೂಟರ್‌ಗಿಂತ ಅದರೊಳಗಿನ ಫೈಲ್ ಮುಖ್ಯ. ಎಲ್ಲವೂ ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ, ಹಳೇ ನುಡಿ ಅನ್ನೋ ಕನ್ನಡ ಫಾಂಟಿನಲ್ಲಿ ಇವೆ. ಅಕ್ಕನ ಪತ್ರಿಕೆ ಮಾಡಿಸಿದವರೇ ತಂಗಿಯದಕ್ಕೂ ಬರುತ್ತಾರೆ. "ಅದನ್ನೇ ತೆಗೀರಿ, ಹುಡುಗಿ ಹೆಸರು ಬದಲಿ ಮಾಡ್ರಿ ಸಾಕು" ಅಂತಾರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಕಾಕಾ, ಸೋದರಮಾವ ಎಲ್ಲಾ ಹಂಗೇ ಇರುತ್ತಾರೆ. ತೀರಿಕೊಂಡವರ ಹೆಸರು ಮಾತ್ರ ಮೆಲ್ಲಗೆ ಕೇಳಿ ತೆಗೆಯಬೇಕು. ಆ ಫೈಲ್ ತೆರೆಯದೇ ಹೋದ್ರೆ ನನ್ನ ಎಂಟು ವರ್ಷ ಹೋದ ಹಾಗೆ.

ತುಳಸಿ ಲಗ್ನ ಮುಗಿಯಿತು, ಇನ್ನು ಸೀಸನ್. ಏನು ಮಾಡಲಿ, ಹೇಳಿ. ಮತ್ತೆ ಇನ್ನೊಂದು ಮಾತು: ಕೆಲಸ ಮಾಡುತ್ತಿರುವ ಯಂತ್ರವನ್ನು ಕಂಪನಿ ಹೀಗೆ ಹಳೇದು ಅಂತ ತೆಗೆದು ಹಾಕೋದು ಸರಿನಾ?

ಹಾವೇರಿ ರಿಪೇರಿ:

ಅಕ್ಕಾರೆ, ಗುಜರಿಗೆ ಹಾಕಬೇಡಿ. ಸಪೋರ್ಟ್ ನಿಂತರೆ ಕಂಪ್ಯೂಟರ್ ನಿಲ್ಲಲ್ಲ. ಭದ್ರತೆಯ ಅಪ್‌ಡೇಟ್ ಬರೋದು ಮಾತ್ರ ನಿಲ್ಲುತ್ತೆ. ಅದಕ್ಕೂ ಒಂದು ವರ್ಷದ ದಾರಿ ಇದೆ, ಭದ್ರತಾ ಅಪ್‌ಡೇಟ್ ಮುಂದುವರಿಸುವ ಯೋಜನೆ, ಇಎಸ್‌ಯು ಅಂತಾರೆ. 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆಯಿರಿ, ನೋಂದಣಿಯ ಲಿಂಕ್ ಅಲ್ಲೇ ಇರುತ್ತೆ. ನಿಮ್ಮದು ವಿಂಡೋಸ್ 10ರ ಕೊನೆಯ ಆವೃತ್ತಿ, 22ಎಚ್2 ಆಗಿರಬೇಕು. ದುಡ್ಡು ಕೊಟ್ಟು ತಗೊಂಡ್ರೆ 30 ಡಾಲರ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಪುಕ್ಕಟೆ.

ಒಂದು ಕಡೆ ಹುಷಾರು. ಬ್ಯಾಕಪ್‌ನಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್ ಆಫ್ ಮಾಡಿ, ಬರೀ ಸೆಟ್ಟಿಂಗ್ಸ್ ಬಿಡಿ. ಬ್ಯಾಕಪ್ ಹೋಗೋದು ಒನ್‌ಡ್ರೈವ್‌ಗೆ, ಅಂದ್ರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗಕ್ಕೆ; ಅಲ್ಲಿ ಪುಕ್ಕಟೆ ಸಿಗೋದು 5 ಜಿಬಿ ಅಷ್ಟೇ. ನಿಮ್ಮ ಪತ್ರಿಕೆಗಳೆಲ್ಲ ಅತ್ತ ಹೋಗೋಕೆ ಶುರುವಾದ್ರೆ ಜಾಗ ತುಂಬಿ ತಲೆನೋವು.

800 ರೂಪಾಯಿಯ ಕೆಲಸ ಬೇಡವೇ ಬೇಡ. 11 ಕೂರಬಹುದು. ಆದ್ರೆ 11ಕ್ಕೆ ನಡೆಯುತ್ತೆ ಅಂತ ಕಂಪನಿ ಮಾಡಿದ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಕೊಟ್ಟೇ ಕೊಡ್ತೀವಿ ಅಂತ ಕಂಪನಿ ಹೇಳಿಲ್ಲ. ಲಗ್ನದ ಸೀಸನ್‌ನಲ್ಲಿ ಅದು ಕೆಟ್ಟರೆ ಯಾರನ್ನು ಕೇಳ್ತೀರಿ? ಆ ದುಡ್ಡಿಗೆ ಇನ್ನಷ್ಟು ಹಾಕಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಗೊಳ್ಳಿ. ಫೈಲ್ ಜೊತೆ ಫಾಂಟನ್ನೂ ಕಾಪಿ ಮಾಡಿಡಿ.

ಧಾರವಾಡ ಪೆಂಗ್ವಿನ್:

ನಾನು ಹಾಸ್ಟೆಲ್‌ನಲ್ಲಿ ಹತ್ತು ವರ್ಷದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ ಓದುತ್ತಿದ್ದೇನೆ. ಪೈಸೆ ಖರ್ಚಿಲ್ಲ. ಆದ್ರೆ ಅಕ್ಕಾ, ನಿಮಗೆ ಹಾಕಿ ಅಂತ ಹೇಳಲ್ಲ. ಪೇಜ್‌ಮೇಕರ್, ಚಿತ್ರ ಬಿಡಿಸುವ ಕೋರೆಲ್‌ಡ್ರಾ ಎರಡಕ್ಕೂ ಈಗ ಲಿನಕ್ಸ್ ಆವೃತ್ತಿ ಇಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಸರಿಯಲ್ಲ. ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರ್‌ನಲ್ಲಿ. ಆಗ ನಿಮ್ಮ ಕಂಪ್ಯೂಟರ್‌ಗೆ ನಾಲ್ಕೇ ವರ್ಷ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಶನ್‌ನಿಂದ ಮೇಲಿನದೇ ಬೇಕು, ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು ಅಂತ ಗೆರೆ ಎಳೆದರು. ಭದ್ರತೆಗೆ ಅಂತ ಹೇಳ್ತಾರೆ, ಅದರಲ್ಲಿ ಸತ್ಯ ಇದೆ. ಆದ್ರೆ ನಾಲ್ಕು ವರ್ಷದ ಯಂತ್ರವನ್ನು ಗೆರೆಯ ಆಚೆ ನಿಲ್ಲಿಸೋದು ಜಾಸ್ತಿಯಾಯ್ತು.

ನಿವೃತ್ತ ಮಾಸ್ತರ, ವಿದ್ಯಾನಗರ:

ತಮ್ಮಾ, ಇನ್ನೊಂದು ಬದಿಯೂ ನೋಡು. ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಹತ್ತು ವರ್ಷ ಪುಕ್ಕಟೆ ಅಪ್‌ಡೇಟ್ ಕೊಟ್ಟಿದ್ದಾರೆ. ನನ್ನ ಫೋನಿಗೆ ಮೂರನೇ ವರ್ಷಕ್ಕೇ ನಿಂತುಹೋಯಿತು. ಮತ್ತೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನೋ ಕನ್ನಡ ಫಾಂಟ್ ಬಂತು. ಶಾಲೆಯ ಕಂಪ್ಯೂಟರ್‌ನಲ್ಲಿ ಹೊರಗಿನ ಸಾಫ್ಟ್‌ವೇರ್ ಹಾಕದೆ ಕನ್ನಡ ಮೂಡಿದ್ದನ್ನು ನಾನು ಮೊದಲು ಕಂಡಿದ್ದು ಅದರಲ್ಲೇ. ಆ ಉಪಕಾರ ನಾನು ಮರೆಯಲ್ಲ.

ತಂಗೀ, ನಿನ್ನ ಫೈಲಿನ ಕಷ್ಟ ಮೈಕ್ರೋಸಾಫ್ಟ್‌ನಿಂದ ಬಂದದ್ದಲ್ಲ. ಎಲ್ಲಾ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ ಯುನಿಕೋಡ್ ಅಂತಾರೆ; ಹಳೇ ನುಡಿ ಫಾಂಟ್ ಯುನಿಕೋಡ್ ಅಲ್ಲ. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. ಇವತ್ತಲ್ಲ ನಾಳೆ ಅಲ್ಲಿಂದ ಹೊರಗೆ ಬರಲೇಬೇಕು. ಹಳೇ ಅಕ್ಷರವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ, ಮಳೆಗಾಲದಲ್ಲಿ ಕೆಲಸ ಕಮ್ಮಿ ಇದ್ದಾಗ ದಿನಕ್ಕೆ ಹತ್ತು ಫೈಲ್ ಬದಲಿಸುತ್ತಾ ಹೋಗು. ಅರ್ಕಾವತ್ತು ಎಲ್ಲಿ ಕೂತಿದೆ ಅಂತ ಕಣ್ಣಿಟ್ಟು ನೋಡು.

ಬೆಟಗೇರಿ ಅಕ್ಷರ:

ಹಾವೇರಿ ಅಣ್ಣಾರೆ, ನೋಂದಣಿ ಆಯ್ತು. ಹತ್ತು ನಿಮಿಷದ ಕೆಲಸ. ಫೋಲ್ಡರ್ ಎಲ್ಲಾ ಆಫ್ ಮಾಡಿದ್ದೇನೆ. ಹಾರ್ಡ್ ಡಿಸ್ಕ್ ನಾಳೆ ತರುತ್ತೇನೆ.

ಮಾಸ್ತರೇ, ನೀವು ಹೇಳಿದ ಮೇಲೆ ಒಂದು ಹಳೇ ಪತ್ರಿಕೆ ಪರಿವರ್ತಿಸಿ ನೋಡಿದೆ. "ಲಗ್ನ"ದ ನಾವತ್ತು ಸರಿಯಾಗಿ ಕೂತಿತು. "ಆಶೀರ್ವಾದ" ಮಾತ್ರ ಎರಡು ಸಲ ಓದಿದೆ, ಅದೂ ಸರಿ ಇತ್ತು. ಆದ್ರೆ ಹೂಬಳ್ಳಿಯ ಬಾರ್ಡರ್, ಗಣಪತಿ ಚಿತ್ರ ಎಲ್ಲಾ ಮತ್ತೆ ಕೂರಿಸಬೇಕು. ಒಂದಕ್ಕೆ ಅರ್ಧ ತಾಸು ಹಿಡಿಯಿತು. ದಿನಕ್ಕೆ ಹತ್ತು ಆಗಲ್ಲ, ಎರಡು ಆಗುತ್ತೆ.

ಕಂಪನಿ ಬಗ್ಗೆ ನನ್ನ ಬೇಸರ ಹಂಗೇ ಇದೆ. ಹತ್ತು ವರ್ಷ ಕೊಟ್ಟಿದ್ದು 2015ರಲ್ಲಿ ತಗೊಂಡವರಿಗೆ, ನನಗೆ ಸಿಕ್ಕಿದ್ದು ಎಂಟು. ಗದಗಿನ ಪ್ರೆಸ್ಸುಗಳಲ್ಲಿ ಯುನಿಕೋಡ್ ಫೈಲ್ ತಗೊಳ್ಳುವವರು ಯಾರಾದ್ರೂ ಇಲ್ಲಿ ಇದ್ದರೆ ತಿಳಿಸಿ. ಯಾವ ಸಾಫ್ಟ್‌ವೇರ್‌ನಲ್ಲಿ ಕೊಟ್ಟರೆ ನಿಮಗೆ ಅನುಕೂಲ?