ಸಹಾಯ ಬೇಕು: ವಾಲ್ಟ್ಜ್ ಸರಿಯೋ, ವೆಂಡ್ಟ್ ಸರಿಯೋ?

ಎಲ್ಲರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತ ಓದುತ್ತಿದ್ದೇನೆ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ‘ಅರಾಜಕತೆ’ಯಲ್ಲಿ ದೇಶಗಳು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದರ ಬಗ್ಗೆ ಈ ವಿಷಯದ ಇಬ್ಬರು ವಿದ್ವಾಂಸರು, ವಾಲ್ಟ್ಜ್ ಮತ್ತು ವೆಂಡ್ಟ್, ಬೇರೆ ಬೇರೆ ಹೇಳುತ್ತಾರೆ.

ಮೊದಲಿಗೆ ‘ಅರಾಜಕತೆ’ ಅನ್ನುವ ಪದವೇ ದಾರಿ ತಪ್ಪಿಸಿತು. ಗಲಾಟೆ, ದೊಂಬಿ ಅಂದುಕೊಂಡಿದ್ದೆ. ದೇಶಗಳ ಮೇಲೆ ಇನ್ನೊಂದು ಸರ್ಕಾರ ಇಲ್ಲ ಅನ್ನುವುದಷ್ಟೇ ಇಲ್ಲಿ ಅದರ ಅರ್ಥ ಅಂತ ಆಮೇಲೆ ಗೊತ್ತಾಯಿತು.

ಕೆನೆತ್ ವಾಲ್ಟ್ಜ್ 1979ರಲ್ಲಿ ಹೇಳಿದ್ದು ತಲೆಗೆ ಹತ್ತಿತು: ಕಾಪಾಡಲು ಮೇಲೆ ಯಾರೂ ಇಲ್ಲ, ಹಾಗಾಗಿ ಪ್ರತಿ ದೇಶವೂ ತನ್ನ ರಕ್ಷಣೆ ತಾನೇ ನೋಡಿಕೊಳ್ಳಬೇಕು. ಆದರೆ ಅಲೆಕ್ಸಾಂಡರ್ ವೆಂಡ್ಟ್ 1992ರಲ್ಲಿ ಬೇರೆಯೇ ಮಾತು ಹೇಳಿದರು. ಮೇಲೆ ಸರ್ಕಾರ ಇಲ್ಲದಿದ್ದರೂ, ದೇಶಗಳು ಒಂದನ್ನೊಂದು ಸ್ನೇಹಿತ ಅಂತ ಕಾಣುತ್ತವೋ ಶತ್ರು ಅಂತ ಕಾಣುತ್ತವೋ ಅನ್ನುವುದರ ಮೇಲೆ ಎಲ್ಲ ನಿಂತಿದೆಯಂತೆ. ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ 5 ಅಣ್ವಸ್ತ್ರಗಳೇ ಅಮೆರಿಕಕ್ಕೆ ಜಾಸ್ತಿ ಭಯ ಅಂತ ಅವರು ಆಮೇಲೆ 1995ರಲ್ಲಿ ಕೊಟ್ಟ ಉದಾಹರಣೆ ಓದಿ, ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಷ್ಟು ಹಿಡಿಸಿತು.

ಆದರೂ ಒಂದು ಅನುಮಾನ ಬಿಡುತ್ತಿಲ್ಲ. ಇವತ್ತಿನ ಸ್ನೇಹಿತ ನಾಳೆ ಮನಸ್ಸು ಬದಲಿಸಿದರೆ? ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಯಾವ ದೇಶಕ್ಕೂ ಖಚಿತವಾಗಿ ಗೊತ್ತಾಗದು, ವಾಲ್ಟ್ಜ್ ದಾರಿಯಲ್ಲೇ ಯೋಚಿಸುವ ಇನ್ನೊಬ್ಬ ವಿದ್ವಾಂಸ ಜಾನ್ ಮಿಯರ್‌ಶೈಮರ್ ಒತ್ತಿ ಹೇಳುವುದೂ ಇದನ್ನೇ ಅಲ್ವಾ? ಇದಕ್ಕೆ ವೆಂಡ್ಟ್ ಕಡೆಯವರ ಉತ್ತರ ಏನು? ಈ ವಿಷಯ ಓದಿದವರು, ಪಾಠ ಮಾಡುವವರು ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ಬಿಡಿಸಿ ಹೇಳುತ್ತೀರಾ? ಉದ್ದ ಆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.