‘137 ಕೋರ್ಸ್ ಆಡಿದ್ದೀನಿ’: ಹೀಗೆ ಲೆಕ್ಕ ಇಟ್ಟು ಸುತ್ತುವವನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ಬೇಕಾಗಿದೆ, ಜೊತೆಗೆ ಆ ಕ್ರಿಯೆ ಮಾಡುವವನಿಗೆ ಒಂದು ಹೆಸರು. ಬರೀ ಪದ ಕೇಳಿದರೆ ಹತ್ತು ನಿಮಿಷದಲ್ಲಿ ಹನ್ನೆರಡು ಸಂಸ್ಕೃತ ಸಮಾಸಗಳು ಬಂದು ಬೀಳುತ್ತವೆ ಅನ್ನುವುದು ಹಿಂದಿನ ಅನುಭವ. ಅದಕ್ಕೇ ಹಿನ್ನೆಲೆ ಮೊದಲು ಹೇಳಿಬಿಡುತ್ತೇನೆ.

ನಮ್ಮದು ತುಮಕೂರು ಜಿಲ್ಲೆ, ಕೊರಟಗೆರೆ ಕಡೆ. ಅಕ್ಕನ ಮಗ ಫಿನ್ಲೆಂಡಿನ ತಾಂಪೆರೆ ಎಂಬ ಊರಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದಿದ್ದಾಗ ಜಗಲಿ ಮೇಲೆ ಕೂತು, “ಮಾವ, ಇಲ್ಲೀವರೆಗೆ 137 ಕೋರ್ಸ್ ಆಡಿದ್ದೀನಿ, ಇನ್ನೂರು ಮುಟ್ಟಿಸ್ಬೇಕು” ಅಂದ. ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮನ ಕಿವಿಗೆ ‘ಕೋರ್ಸ್’ ಮಾತ್ರ ಬಿತ್ತು. “ನೂರಾ ಮೂವತ್ತೇಳು ಕೋರ್ಸ್ ಮಾಡವ್ನಾ? ಅವರಪ್ಪ ಒಂದು ಬಿ.ಕಾಂ. ಮುಗ್ಸಕ್ಕೆ ಐದು ವರ್ಷ ತಗಂಡ!” ಅಂತ ಒಳಗಿಂದಲೇ ಕೂಗಿದರು. ಪಕ್ಕದಲ್ಲೇ ಕೂತಿದ್ದ ಭಾವ ಪೇಪರಿನಿಂದ ತಲೆ ಎತ್ತಲಿಲ್ಲ.

ನಮ್ಮಲ್ಲಿ ಕೋರ್ಸ್ ಅಂದರೆ ಎರಡೇ. ಒಂದು ಕಾಲೇಜಿನದು, ಇನ್ನೊಂದು ಮಾತ್ರೆಯದು. ಎರಡನ್ನೂ ‘ಮುಗಿಸಬೇಕು’, ಅರ್ಧಕ್ಕೆ ಬಿಟ್ಟರೆ ಬೈಗುಳ. ಇವನು ಹೇಳುತ್ತಿದ್ದದ್ದು ಡಿಸ್ಕ್ ಗಾಲ್ಫ್ ಆಡುವ ಜಾಗವನ್ನು. ಲೆಕ್ಕಾಚಾರ ಗಾಲ್ಫಿನದೇ, ಚೆಂಡಿನ ಬದಲು ಕೈಯಲ್ಲಿ ಎಸೆಯುವ ತಟ್ಟೆ. ಗುರುತು ಮಾಡಿದ ಜಾಗದಿಂದ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಮರಗಳ ಸಂದಿಯಲ್ಲಿ ನುಸುಳಿಸಿಕೊಂಡು ಹೋಗಿ ಕೊನೆಗೆ ಕಂಬಕ್ಕೆ ಕೂರಿಸಿದ ಬುಟ್ಟಿಗೆ ಬೀಳಿಸಬೇಕು. ಬುಟ್ಟಿಯ ಮೇಲೆ ಸರಪಣಿಗಳು ಜೋತಾಡುತ್ತಿರುತ್ತವೆ, ತಟ್ಟೆ ಅದಕ್ಕೆ ಬಡಿದು ಝಲ್ಲೆಂದು ಒಳಗೆ ಬೀಳುತ್ತದೆ. ಇಂಥವು ಒಂಬತ್ತೋ ಹದಿನೆಂಟೋ ಇದ್ದರೆ ಒಂದು ಕೋರ್ಸ್. ಕಡಿಮೆ ಎಸೆತದಲ್ಲಿ ಮುಗಿಸಿದವ ಗೆದ್ದ. ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದ. ಆಗ ಬುಟ್ಟಿ ಇರಲಿಲ್ಲ, ಬರೀ ಕಂಬಕ್ಕೆ ಹೊಡೆಯುವುದು. ತಾಗಿತೋ ಇಲ್ಲವೋ ಅನ್ನುವ ಜಗಳ ತೀರಿಸಲು ಸರಪಣಿ, ಬುಟ್ಟಿ ಬಂದವಂತೆ. 2002ರಲ್ಲಿ ಆತ ತೀರಿಕೊಂಡ ಮೇಲೆ ಅವನ ಚಿತಾಭಸ್ಮವನ್ನೇ ಬೆರೆಸಿ ಕೆಲವು ತಟ್ಟೆಗಳನ್ನು ಎರಕ ಹೊಯ್ದರು. ಈ ಮಾತಿಗೆ ನಮ್ಮಮ್ಮ ಅವರೆಕಾಯಿ ಬಿಟ್ಟು ಹೊರಗೇ ಬಂದರು. “ಶ್ರೀರಂಗಪಟ್ಟಣಕ್ಕೆ ತಗಂಡೋಗಿ ಬಿಡೋದು ಬಿಟ್ಟು ತಟ್ಟೆಗೆ ಹಾಕಿದ್ರಾ?”

ಫಿನ್ಲೆಂಡಿನ ಬಹುಪಾಲು ಕೋರ್ಸುಗಳು ಸಾರ್ವಜನಿಕ ಉದ್ಯಾನ, ಕಾಡಿನಂಚುಗಳಲ್ಲಿ ಇರುತ್ತವಂತೆ. ದುಡ್ಡಿಲ್ಲ, ಕೇಳುವವರಿಲ್ಲ. ಹಾಗಾಗಿ ಗೆಲ್ಲುವುದಕ್ಕಿಂತ ಬೇರೆ ಬೇರೆ ಕೋರ್ಸ್ ಆಡಿ ಎಣಿಕೆ ಏರಿಸುವುದೇ ಕೆಲವರ ಹುಚ್ಚು. ವಾರಾಂತ್ಯಕ್ಕೆ ನಕಾಶೆ ನೋಡಿಕೊಂಡು ಹೊರಡುವುದು, ದಿನಕ್ಕೆ ಮೂರು ನಾಲ್ಕು ಊರು, ಒಂದೊಂದರಲ್ಲೂ ಒಂದು ಸುತ್ತು, ಮೊಬೈಲಿನಲ್ಲಿ ಗುರುತು. ನೋಕಿಯಾ ಅನ್ನುವ ಊರಲ್ಲಿ ‘ಬೀಸ್ಟ್’ ಎಂಬ ಹೆಸರಾಂತ ಕೋರ್ಸ್ ಇದೆ, ಇವನಿಗೆ ಅದು ಮನೆ ಪಕ್ಕದ್ದಿದ್ದ ಹಾಗೆ. ಹೌದು, ಆ ಫೋನಿಗೆ ಹೆಸರು ಕೊಟ್ಟ ಊರೇ.

ಇನ್ನು ಪದದ ವಿಚಾರ. “ನನ್ನಂಥೋರನ್ನ ಕೋರ್ಸ್ ಬ್ಯಾಗರ್ ಅಂತಾರೆ” ಅಂದ. ಭಾವನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ಪೇಪರ್ ಮಡಚಿಟ್ಟು, “ಬೆಗ್ಗರಾ? ಅಷ್ಟು ದೂರ ಹೋಗಿ?” ಅಂದರು.

ನಗು ಮುಗಿದ ಮೇಲೆ ಹೊಳೆಯಿತು, ಇದಕ್ಕೆ ನಮ್ಮಲ್ಲಿ ಪದವೇ ಇಲ್ಲ ಅಂತ. ಇಂಗ್ಲಿಷಿನ ಆ ‘ಬ್ಯಾಗ್’ ಬೇಟೆಗಾರನ ಚೀಲದಿಂದ ಬಂದದ್ದು. ಹೊಡೆದ ಹಕ್ಕಿ, ಮೊಲ ಚೀಲ ಸೇರಿದರೆ ಲೆಕ್ಕಕ್ಕೆ ಬಂದ ಹಾಗೆ. ಅಲ್ಲಿಂದ ಅದು ಬೆಟ್ಟ ಹತ್ತುವವರ ಮಾತಿಗೆ ಹೋಯಿತು. ಸ್ಕಾಟ್ಲೆಂಡಿನಲ್ಲಿ 3000 ಅಡಿ ಮೀರಿದ ಬೆಟ್ಟಗಳ ಪಟ್ಟಿಯನ್ನು ಹ್ಯೂ ಮನ್ರೋ ಎಂಬವರು 1891ರಲ್ಲಿ ಪ್ರಕಟಿಸಿದರು. ಈಗ ಆ ಪಟ್ಟಿಯಲ್ಲಿ 282 ಬೆಟ್ಟಗಳಿವೆ, ಅಷ್ಟನ್ನೂ ಹತ್ತಿ ‘ಚೀಲಕ್ಕೆ ಹಾಕಿಕೊಳ್ಳುವ’ ಜನ ಇದ್ದಾರೆ. ಡಿಸ್ಕ್ ಗಾಲ್ಫಿನವರಿಗೂ ಇದೇ ಪದ ಬಂತು. ಚೀಲವನ್ನು ಕನ್ನಡಕ್ಕೆ ಹಾಗೇ ತಂದರೆ ನನಗೆ ಮೊದಲು ಕಾಣುವುದು ಜೋಳಿಗೆ. ತುಮಕೂರಿನವರಿಗೆ ಜೋಳಿಗೆ ಅಂದರೆ ಮಠ, ಭಿಕ್ಷೆ, ದಾಸೋಹ. ಬೇಟೆಯ ವಾಸನೆ ಅದರ ಹತ್ತಿರ ಸುಳಿಯುವುದಿಲ್ಲ.

ಸರಿ, ತಿರುಗುವುದಕ್ಕೆ ಇರುವ ನಮ್ಮ ಮಾತುಗಳನ್ನು ನೋಡೋಣ ಅಂದುಕೊಂಡೆ. ಅವು ಎರಡು ಗುಂಪಾಗಿ ನಿಲ್ಲುತ್ತವೆ. ಒಂದು ಕಡೆ ಯಾತ್ರೆ, ದರ್ಶನ, ಪ್ರದಕ್ಷಿಣೆ, ತೀರ್ಥಾಟನೆ. ಇವುಗಳಲ್ಲಿ ಎಣಿಕೆ ಚೆನ್ನಾಗಿಯೇ ಇದೆ. ನಮ್ಮ ಪಕ್ಕದ ಬೀದಿಯ ಅಯ್ಯಂಗಾರ್ ದಂಪತಿ 108 ದಿವ್ಯದೇಶಗಳಲ್ಲಿ ಎಷ್ಟು ಆಯಿತು, ಎಷ್ಟು ಉಳಿಯಿತು ಅಂತ ಡೈರಿಯಲ್ಲೇ ಬರೆದಿಟ್ಟಿದ್ದಾರೆ. ಅದರಲ್ಲಿ ಎರಡು, ಕ್ಷೀರಸಾಗರ ಮತ್ತು ಪರಮಪದ, ಈ ಲೋಕದಲ್ಲೇ ಇಲ್ಲವಾದ್ದರಿಂದ ಬದುಕಿರುವಾಗ 106ಕ್ಕೆ ನಿಲ್ಲಬೇಕು. (ಕೋರ್ಸ್ ಬ್ಯಾಗರುಗಳಿಗೂ ಇಂಥದೊಂದು ಕೊರಗಿದೆಯಂತೆ, ತಾವು ಹೋಗುವ ಮೊದಲೇ ಕಿತ್ತುಹಾಕಿದ ಕೋರ್ಸುಗಳದ್ದು.) ಆದರೆ ಈ ಪದಗಳನ್ನೆಲ್ಲ ಪುಣ್ಯ ಆವರಿಸಿಕೊಂಡಿದೆ. ‘ಕೋರ್ಸ್ ಯಾತ್ರೆ’ ಅಂದರೆ ವ್ಯಂಗ್ಯವಾಗಿ ಕೇಳುತ್ತದೆ.

ಇನ್ನೊಂದು ಕಡೆ ಅಲೆ, ಸುತ್ತು, ತಿರುಗು, ಅಂಡಲೆ. ಇಲ್ಲಿ ಪುಣ್ಯವೂ ಇಲ್ಲ, ಎಣಿಕೆಯೂ ಇಲ್ಲ, ಮರ್ಯಾದೆಯಂತೂ ಮೊದಲೇ ಇಲ್ಲ. ‘ಎಲ್ಲಿ ಅಂಡಲೀತಿದ್ದೆ’ ಅಂತ ಮಕ್ಕಳನ್ನು ಗದರುವುದಕ್ಕೆ ಇರುವ ಮಾತುಗಳು ಇವು. ಇದರಲ್ಲಿ ‘ತಿರುಗು’ವಿನ ಹಿಂದೆ ಹೋದಾಗ ಒಂದು ತಮಾಷೆ ಸಿಕ್ಕಿತು. ‘ತಿರಿ’ ಎಂಬ ಹಳೆಯ ಧಾತುವಿಗೆ ಸುತ್ತು, ಅಲೆ ಎಂಬ ಅರ್ಥವೂ ಇದೆ, ಬೇಡು ಎಂಬ ಅರ್ಥವೂ ಇದೆ. ತಿರಿದು ತಿನ್ನುವವನು ತಿರುಕ. ಅಂದರೆ ತಿರುಗುವವನನ್ನೂ ಬೇಡುವವನನ್ನೂ ಕನ್ನಡ ಯಾವತ್ತೋ ಒಂದೇ ಹಗ್ಗದಲ್ಲಿ ಕಟ್ಟಿದೆ. ಭಾವ ಕೇಳಿಸಿಕೊಂಡದ್ದು ತಪ್ಪೇ ಇರಬಹುದು, ಆದರೆ ನಿಘಂಟಿಗೆ ವಿರುದ್ಧವಾಗಿರಲಿಲ್ಲ.

ಪುಣ್ಯಕ್ಕೂ ಅಲ್ಲದ, ಪೋಲಿ ತಿರುಗಾಟವೂ ಅಲ್ಲದ, ಲೆಕ್ಕ ಇಟ್ಟುಕೊಂಡು ಖುಷಿಗೆ ಸುತ್ತುವುದಕ್ಕೆ ಈಗ ಚಾಲ್ತಿಯಲ್ಲಿರುವ ಮಾತು ಅಂದರೆ ಚಾರಣದವರ ‘ಮುಗಿಸು’. ಬೆಂಗಳೂರಿನ ಸುತ್ತಿನ ನವದುರ್ಗಗಳನ್ನು ಹತ್ತುವವರು ‘ಆರು ಮುಗಿಸಿದೆ, ಮೂರು ಬಾಕಿ’ ಅನ್ನುತ್ತಾರೆ. ಆ ಒಂಬತ್ತರಲ್ಲಿ ನಾಲ್ಕು ನಮ್ಮ ಜಿಲ್ಲೆಯವೇ: ದೇವರಾಯನದುರ್ಗ, ಚನ್ನರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ. ನಂದಿದುರ್ಗ ಚಿಕ್ಕಬಳ್ಳಾಪುರದ್ದು. ಚನ್ನರಾಯನದುರ್ಗದ ಬುಡದಲ್ಲಿ ಭಾನುವಾರ ಬೆಳಗ್ಗೆ ಬಂದು ನಿಲ್ಲುವ ಹುಡುಗರನ್ನು ಕೇಳಿ ನೋಡಿ, ಬಾಯಲ್ಲಿ ಬರುವುದು ಈ ಪದವೇ. ಒಂಬತ್ತಕ್ಕೆ ಇದು ಒಗ್ಗುತ್ತದೆ, ಯಾಕೆಂದರೆ ಒಂಬತ್ತು ಮುಗಿಯುತ್ತದೆ. ಜಗತ್ತಿನಲ್ಲಿ ಸಾವಿರಾರು ಡಿಸ್ಕ್ ಗಾಲ್ಫ್ ಕೋರ್ಸುಗಳಿವೆ, ಹೊಸವು ಬರುತ್ತಲೇ ಇವೆ. ಮುಗಿಯದ್ದನ್ನು ‘ಮುಗಿಸು’ ಅನ್ನುವುದು ಹೇಗೆ? ಮೇಲಾಗಿ ‘ಕೋರ್ಸ್ ಮುಗಿಸಿದ’ ಅಂದರೆ ನಮ್ಮಮ್ಮ ಮತ್ತೆ ಬಿ.ಕಾಂ.ಗೇ ಬರುತ್ತಾರೆ.

ಆಟದ ಉಳಿದ ಸಾಮಾನಿಗೂ ಹೆಸರು ಬೇಕಾಯಿತು. ಯಾಕೆಂದರೆ ಹುಡುಗ ಸುಮ್ಮನೆ ಕೂರಲಿಲ್ಲ. ಹುಣಸೆ ತೋಪಿನಲ್ಲಿ ಮೂರು ಕಡೆ ಕಲ್ಲುಕಂಬಕ್ಕೆ ಮಂಕರಿ ಕಟ್ಟಿ, ಮೇಲೆ ದನ ಕಟ್ಟುವ ಹಳೇ ಸರಪಣಿ ಇಳಿಬಿಟ್ಟು, ಊರಿನ ಮಕ್ಕಳಿಗೆ ಆಡಿಸಿಯೇ ಹೋದ. ಡಿಸ್ಕಿಗೆ ‘ತಟ್ಟೆ’ ಅಂತ ಮಕ್ಕಳೇ ಮೊದಲ ದಿನವೇ ಅಂದುಬಿಟ್ಟರು. ಅದಕ್ಕೂ ಆಧಾರ ಇದೆ, ಫ್ರಿಸ್ಬಿ ಎಂಬ ಹೆಸರು ಕನೆಕ್ಟಿಕಟ್‌ನ ಒಂದು ಬೇಕರಿಯಿಂದ, ಅದರ ಪೈ ಸುಡುವ ತಗಡಿನ ತಟ್ಟೆಗಳನ್ನು ಎಸೆದಾಡುತ್ತಿದ್ದ ಹುಡುಗರಿಂದ ಬಂದದ್ದು. ನನ್ನ ಮನಸ್ಸು ‘ಬಿಲ್ಲೆ’ಯ ಕಡೆಗಿತ್ತು. ಕರ್ಪೂರದ ಬಿಲ್ಲೆ, ಜಡೆಬಿಲ್ಲೆ, ಜವಾನನ ಎದೆಯ ಬಿಲ್ಲೆ, ಎಲ್ಲವೂ ಚಪ್ಪಟೆ, ದುಂಡಗೆ. ಕುಂಟೆಬಿಲ್ಲೆಯಲ್ಲಿ ಅದನ್ನು ಎಸೆಯುವುದೂ ಉಂಟು. ಇಂಗ್ಲೆಂಡಿನಲ್ಲಿ ಹೀಗೇ ಎಣಿಸಿಕೊಂಡು ಫುಟ್‌ಬಾಲ್ ಮೈದಾನ ಸುತ್ತುವವರನ್ನು ‘ಹಾಪರ್’ ಅನ್ನುತ್ತಾರೆ, ಅಂದರೆ ಕುಪ್ಪಳಿಸುವವರು. ಅಲ್ಲಿನ ಮೇಲಿನ ನಾಲ್ಕು ದರ್ಜೆಯ ತಂಡಗಳ ಅಷ್ಟೂ 92 ಮೈದಾನ ನೋಡಿದವರಿಗೆ ಒಂದು ಕ್ಲಬ್ಬೇ ಇದೆ. ಊರಿಂದೂರಿಗೆ ಕುಪ್ಪಳಿಸುವುದು, ಬಿಲ್ಲೆ ಎಸೆಯುವುದು, ಎರಡೂ ನಮ್ಮ ‘ಕುಂಟೆಬಿಲ್ಲೆ’ಯಲ್ಲಿ ಒಟ್ಟಿಗೇ ಇವೆಯಲ್ಲ ಅಂತ ಒಂದು ಸಂಜೆಯೆಲ್ಲ ಹಿಗ್ಗಿದೆ. ಮಕ್ಕಳಿಗೆ ಹೇಳಿದರೆ, “ಅದು ಹುಡ್ಗೀರ್ ಆಟ ಸಾರ್” ಅಂತ ಗಂಡುಹುಡುಗರು ಓಡಿದರು. ಅಲ್ಲಿಗೆ ಬಿಲ್ಲೆ ಬಿದ್ದುಹೋಯಿತು. ತಟ್ಟೆಯೇ ಇರಲಿ.

ಬುಟ್ಟಿ ಇರುವ ಒಂದೊಂದು ಹಂತಕ್ಕೂ ಇಂಗ್ಲಿಷಿನಲ್ಲಿ ‘ಹೋಲ್’ ಅನ್ನುತ್ತಾರೆ, ತೂತೇ ಇಲ್ಲದಿದ್ದರೂ. ಗಾಲ್ಫಿನಿಂದ ಬಂದ ಹಳೆ ಅಭ್ಯಾಸ. ‘ಗುಳಿ’ ಅನ್ನಬಹುದಿತ್ತು, ಆದರೆ ನೆಲದಿಂದ ಎದೆಯೆತ್ತರದ ಮಂಕರಿಯನ್ನು ಗುಳಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅಳಗುಳಿಮನೆ ನೆನಪಾಯಿತು, ಅಲ್ಲಿ ಗುಳಿಯೂ ಇದೆ, ಮನೆಯೂ ಇದೆ. ಹಾಗೆ ‘ಮನೆ’ ಅಂದೆವು. ‘ಹದಿನೆಂಟು ಮನೆ ಆಟ’ ಅಂದರೆ ನಮ್ಮೂರಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಮನೆ ಅಂದ ಕೂಡಲೇ ಮಿಕ್ಕಿದ್ದು ತಾನಾಗಿಯೇ ಬಂತು, ಅದೂ ನನ್ನಿಂದಲ್ಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೂರನೇ ಮಂಕರಿಗೆ ತಟ್ಟೆ ಬೀಳಿಸಿ “ಹಣ್ಣಾಯ್ತು!” ಅಂತ ಕಿರುಚಿದಳು. ಚೌಕಾಬಾರದ ಮಾತು. ಕವಡೆ ಬಿಟ್ಟು, ಕಾಯಿ ನಡೆಸಿ, ಕಟ್ಟೆಯಲ್ಲಿ ಕೂರಿಸಿ, ಎದುರಾಳಿಯ ಕಾಯಿ ಕಡಿದು ಒಳಸುತ್ತಿಗೆ ನುಗ್ಗಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಇನ್ನು ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ನನಗೆ ಬೇಕಿದ್ದ ಕ್ರಿಯಾಪದ ಇದೇ ಅನ್ನಿಸಿದೆ. ‘ಹಣ್ಣು ಮಾಡು’. ‘137 ಕೋರ್ಸ್ ಹಣ್ಣು ಮಾಡಿದ್ದಾನೆ’. ಇದರಲ್ಲಿ ಎಣಿಕೆ ಇದೆ, ಸುತ್ತು ಇದೆ, ಆಟವೂ ಇದೆ. ಪುಣ್ಯ ಇಲ್ಲ, ಬೇಟೆ ಇಲ್ಲ, ಬೈಗುಳ ಇಲ್ಲ. ಪಟ್ಟಿ ಪೂರ್ತಿ ಮುಗಿಯಬೇಕೆಂಬ ಕಟ್ಟುಪಾಡೂ ಇಲ್ಲ, ಒಂದೊಂದು ಕಾಯಿಯೂ ತನ್ನ ಪಾಡಿಗೆ ಹಣ್ಣಾಗುತ್ತದೆ. ಒಂದು ಕೋರ್ಸಿಗೆ ಬರೀ ಕಾಲಿಟ್ಟು ಬಂದರೆ ಲೆಕ್ಕವೇ, ಎಲ್ಲ ಮನೆಯನ್ನೂ ಆಡಬೇಕೇ ಅನ್ನುವುದು ಈ ಬ್ಯಾಗರುಗಳ ನಡುವೆ ದೊಡ್ಡ ತಕರಾರಂತೆ. ನಮ್ಮಲ್ಲಿ ನೂಕುನುಗ್ಗಲಿಗೆ ಹೆದರಿ ಕಳಸಕ್ಕೆ ಕೈಮುಗಿದು ಬಂದವರು ದರ್ಶನ ಆಯಿತು ಅನ್ನುವುದಿಲ್ಲವೇ, ಅಂಥದ್ದು. ‘ಹಣ್ಣು’ ಈ ತಕರಾರನ್ನೂ ತೀರಿಸುತ್ತದೆ. ನಡುಮನೆ ಸೇರದ್ದು ಕಾಯಿಯೇ.

ತೊಡಕು ಒಂದಿದೆ. ‘ಆಫೀಸಿನೋರು ಓಡಾಡ್ಸಿ ಹಣ್ಣು ಮಾಡಿದ್ರು’, ‘ಹಣ್ಣುಗಾಯಿ ನೀರುಗಾಯಿ ಆದೆ’ ಅಂತ ಸುಸ್ತಿನ ಅರ್ಥದಲ್ಲೂ ಇದು ಬಳಕೆಯಲ್ಲಿದೆ. ಹಾಗಾಗಿ ‘ಕೋರ್ಸ್ ಹಣ್ಣು ಮಾಡಿದ’ ಅಂದರೆ ಯಾರು ಯಾರನ್ನು ಹಣ್ಣು ಮಾಡಿದ್ದು ಎಂಬ ಅನುಮಾನ ಬರಬಹುದು. ದಿನಕ್ಕೆ ನಾಲ್ಕು ಊರು ಸುತ್ತಿ, ಹನ್ನೆರಡು ತಟ್ಟೆಯ ಚೀಲ ಹೊತ್ತು, ಸಂಜೆಗೆ ಕಾಲು ಎಳೆಯುವವನಿಗೆ ಎರಡೂ ಅರ್ಥ ಸಲ್ಲುತ್ತವೆ ಅನ್ನುವುದು ನನ್ನ ವಾದ. ಆದರೆ ವಾದ ಮಾಡಿ ಪದ ಉಳಿಸಿಕೊಳ್ಳಬೇಕಾದರೆ ಅದು ಪದವಲ್ಲ ಅನ್ನುವವರೂ ನಮ್ಮಲ್ಲಿ ಇದ್ದೀರಿ.

ಕರ್ತೃವಾಚಕಕ್ಕೆ ಬಂದು ಪೂರಾ ಸೋತಿದ್ದೇನೆ. ‘ಹಣ್ಣುಗಾರ’ ಅಂದರೆ ತಳ್ಳುಗಾಡಿ ಕಣ್ಣಿಗೆ ಬರುತ್ತದೆ. ‘ಸುತ್ತಿಗ’ ಅಂದರೆ ಸುತ್ತಿಗೆ ಕೇಳಿಸುತ್ತದೆ. ‘ಆಟಾಟನಿ’ ಅಂತ ಗೆಳೆಯರೊಬ್ಬರು ಸಂಸ್ಕೃತದ ‘ಅಟನ’ ಹಿಡಿದು ಸೂಚಿಸಿದರು, ನಾನು ಫೋನ್ ಇಟ್ಟೆ.

ಆದ್ದರಿಂದ ನಿಮ್ಮನ್ನು ಕೇಳುವುದಿಷ್ಟು. ಚೌಕಾಬಾರಕ್ಕೆ ಕಟ್ಟೆಮನೆ ಎಂದೋ ಬೇರೆ ಏನೋ ಹೆಸರಿರುವ ಕಡೆ, ಕಾಯಿ ಒಳಗೆ ಸೇರಿದ್ದಕ್ಕೆ ‘ಹಣ್ಣಾಯಿತು’ ಅನ್ನುತ್ತಾರೆಯೇ, ಬೇರೆ ಮಾತಿದೆಯೇ? ಮುಳಬಾಗಿಲು, ಬಾಗೇಪಲ್ಲಿ ಕಡೆಯ ತೆಲುಗು ಮನೆಮಾತಿನವರು ಇಲ್ಲಿ ಕನ್ನಡವನ್ನೇ ಬಳಸುತ್ತಾರೋ, ‘ಪಂಡು’ ಅನ್ನುತ್ತಾರೋ? ಎಲ್ಲ ಕಾಯಿಗಳನ್ನೂ ಮೊದಲು ಹಣ್ಣು ಮಾಡಿದವನನ್ನು, ‘ಗೆದ್ದವನು’ ಅನ್ನುವುದು ಬಿಟ್ಟು, ನಿಮ್ಮ ಅಜ್ಜಿಯರು ಏನಾದರೂ ಹೆಸರಿಟ್ಟು ಕರೆಯುತ್ತಿದ್ದರೇ? ನನಗೆ ಬೇಕಾದ ನಾಮಪದ ಅಲ್ಲೆಲ್ಲೋ ಕೂತಿದೆ ಅನ್ನಿಸುತ್ತಿದೆ.

ಸ್ವಲ್ಪ ಬೇಗ ಹೇಳಿ. ತೋಪಿನ ಬಾಯಲ್ಲಿ ಒಂದು ಹಲಗೆ ನಿಲ್ಲಿಸಬೇಕೆಂದು ಅಕ್ಕನ ಮಗ ಅಲ್ಲಿಂದಲೇ ಒತ್ತಾಯ ಮಾಡುತ್ತಿದ್ದಾನೆ. ಬೋರ್ಡ್ ಬರೆಯುವವ ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾನೆ, ಅಕ್ಷರಕ್ಕೆ ಇಷ್ಟು ಅಂತ ಅವನ ಲೆಕ್ಕ, ಆದ್ದರಿಂದ ಪದ ಚಿಕ್ಕದಿದ್ದರೆ ಒಳ್ಳೆಯದು. ನಮ್ಮ ತೋಪನ್ನು 138ನೆಯದಾಗಿ ಬರೆದುಕೊಂಡೆಯಾ ಅಂತ ಅವನನ್ನು ಕೇಳಿದೆ. ಮೂರೇ ಮನೆ ಇರುವುದಕ್ಕೆ ಅದು ಇನ್ನೂ ಕಾಯಿಯಂತೆ.