ಓದುವಾಗ ಎದುರಾಗುವ ಹೊಸ ಪದ: ಊಹಿಸಬೇಕೇ, ನಿಘಂಟು ನೋಡಬೇಕೇ?

ಪ್ರಶ್ನೆ: ಕನ್ನಡ ಕಲಿಯುವವರು ಸಂದರ್ಭ ನೋಡಿ ಅರ್ಥ ಊಹಿಸಿದರೂ ಅದು ಪದೇ ಪದೇ ತಪ್ಪುವುದೇಕೆ?

ಉತ್ತರ 1: ಮೊದಲು ಪಠ್ಯದ ಮಟ್ಟ ನೋಡಿ. ನೂರು ಪದಗಳಲ್ಲಿ 95ರಿಂದ 98 ಗೊತ್ತಿದ್ದರೆ ಊಹೆಗೆ ಆಧಾರವಿರುತ್ತದೆ. 20 ಗೊತ್ತಿಲ್ಲದಿದ್ದರೆ ಸುಳಿವು ಕೊಡಬೇಕಾದ ಪದಗಳೇ ಅಪರಿಚಿತ. ಆ ಪುಸ್ತಕ ಸದ್ಯಕ್ಕೆ ಬೇಡ.

ಉತ್ತರ 2: ಮೊದಲು ಸಂಧಿ ಬಿಡಿಸಿ. ‘ಮರವನ್ನೇರಿ’ ನಿಘಂಟಿನಲ್ಲಿ ಸಿಗದು. ‘ಮರವನ್ನು’, ‘ಏರಿ’ ಎಂದು ಬೇರೆಯಾದಾಗ ‘ಅನ್ನು’ ನಾಮಪದವನ್ನೂ ಕೊನೆಯ ತುಂಡು ಕ್ರಿಯೆಯನ್ನೂ ತೋರಿಸುತ್ತದೆ. ನಂತರ ‘ಆದರೆ’, ‘ಆದ್ದರಿಂದ’, ‘ಅಂದರೆ’ ಹುಡುಕಿ. ‘ಆದರೆ’ ಇದ್ದರೆ ಹಿಂದಿನ ಮಾತಿಗೆ ವಿರುದ್ಧವಾದುದನ್ನು ನಿರೀಕ್ಷಿಸಬಹುದು. ಊಹಿಸಿದ ಪದವನ್ನು ಅದೇ ಜಾಗದಲ್ಲಿಟ್ಟು ಇಡೀ ವಾಕ್ಯ ಓದಿ, ಮುಂದಿನ ವಾಕ್ಯವನ್ನೂ.

ಉತ್ತರ 3: ಸಂಧಿ ಬಿಡಿಸುವುದು ಸರಿ, ಆದರೆ ಉಪಸರ್ಗ (ಪದದ ಆರಂಭಕ್ಕೆ ಸೇರುವ ‘ಅಪ’ದಂಥ ತುಂಡು) ನೋಡಿ ಅರ್ಥ ಕಟ್ಟುವುದನ್ನು ದಯವಿಟ್ಟು ಕೊನೆಗಿಡಿ. ಎಷ್ಟೋ ತಪ್ಪು ಹುಟ್ಟುವುದು ಇಲ್ಲಿ! ‘ಅಪಮಾನ’, ‘ಅಪಕೀರ್ತಿ’ ಗೊತ್ತಿದ್ದವರಿಗೆ ‘ಅಪರೂಪ’ ಎಂದರೆ ಕುರೂಪ ಅನ್ನಿಸುತ್ತದೆ. ಆಮೇಲೆ ‘ಅಪರೂಪದ ಅತಿಥಿ’ಯನ್ನೂ ಆ ಅರ್ಥಕ್ಕೇ ಬಗ್ಗಿಸುತ್ತಾರೆ. ಊಹೆಯನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದಿಡಿ. ಪದ ಮತ್ತೆ ಬಂದಾಗ ಹೊಂದದಿದ್ದರೆ ಆಗ ನಿಘಂಟು ತೆರೆಯಿರಿ.